ಮೊದಲು ಬಿಳಿ ಮೂರನ್ನು ಇಳಿಸಿ: ಮನೆಯ ಕೀಬೋರ್ಡಿನಲ್ಲಿ ಶುದ್ಧ ಶ್ರುತಿಯ ಮೋಹನ

ಕೀಬೋರ್ಡಿಗೆ ಹಾರ್ಮೋನಿಯಂ ಅಥವಾ ಆರ್ಗನ್ ಟೋನ್ ಹಾಕಿ, ಬಿಳಿ 1 (ಪಾಶ್ಚಾತ್ಯರ ಸಿ) ಮತ್ತು ಅಲ್ಲಿಂದ ಎಣಿಸಿದರೆ ಮೂರನೆಯದಾದ ಬಿಳಿ 3 ಮನೆಗಳನ್ನು ಒಟ್ಟಿಗೆ ಒತ್ತಿ ಹತ್ತು ಸೆಕೆಂಡು ಹಿಡಿಯಿರಿ. ಷಡ್ಜ ಮತ್ತು ಅಂತರ ಗಾಂಧಾರ. ಮೇಲೆಲ್ಲೋ ಗರಗರ ಎನ್ನುವ ನಡುಕ ಕೇಳಿಸುತ್ತದೆಯಲ್ಲ, ಅದು ಸ್ಪೀಕರಿನ ದೋಷವಲ್ಲ. ಮಧ್ಯ ಸಪ್ತಕದ ಬಿಳಿ 1ರ ಕಂಪನ 261.63 ಹರ್ಟ್ಸ್, ಅದರ ಐದನೇ ಹಾರ್ಮೋನಿಕ್ (ಮೂಲ ಕಂಪನದ ಐದು ಪಟ್ಟಿನಲ್ಲಿ ಜೊತೆಗೇ ನುಡಿಯುವ ಮೇಲಿನ ಸ್ವರ) 1308. ಬಿಳಿ 3ರ ಕಂಪನ 329.63, ಅದರ ನಾಲ್ಕನೇ ಹಾರ್ಮೋನಿಕ್ 1318.5. ಕೂಡಿಕೊಳ್ಳಬೇಕಿದ್ದ ಎರಡು ಸ್ವರಗಳು ಸೆಕೆಂಡಿಗೆ ಹತ್ತು ಸಲ ಒಂದನ್ನೊಂದು ಗುದ್ದುತ್ತಿವೆ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ್ದರ ಬೆಲೆ ಇದು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿದ್ದರ ಹಿಂದೆ ಈ ತಕರಾರೂ ಇತ್ತು.

ಈ ಗುದ್ದಾಟವನ್ನು ತೆಗೆದು, ನಾಲ್ಕೈದು ಸ್ವರಗಳನ್ನೇ ಸುತ್ತಿಸಿ ಸುತ್ತಿಸಿ ನುಡಿಸುವ ಸಂಗೀತವನ್ನು ಬೆಳೆಸಿದವರಲ್ಲಿ ಕ್ಯಾಲಿಫೋರ್ನಿಯಾದ ಟೆರಿ ರೈಲಿ ಮುಖ್ಯರು. 1963ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಟೇಪ್ ರೆಕಾರ್ಡರುಗಳ ನಡುವೆ ಒಂದೇ ಟೇಪು ಓಡಿಸಿ, ನುಡಿಸಿದ್ದು ತಡವಾಗಿ ಮರಳಿ ಬರುವ ಏರ್ಪಾಟನ್ನು ಕಂಡುಕೊಂಡರು. 1970ರಲ್ಲಿ ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಮುಂದೆ ಯಮಾಹಾ ವೈಸಿ-45ಡಿ ಆರ್ಗನ್ನಿನ ಶ್ರುತಿಯನ್ನೇ ಬದಲಿಸಿಕೊಂಡು ನುಡಿಸಿದರು. ಪ್ರಾಣನಾಥರದು ಕಿರಾನಾ ಘರಾಣೆ. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರನ್ನು ಕೇಳಿ ಬೆಳೆದ ಧಾರವಾಡ ಸೀಮೆಯವರಿಗೆ, ಒಂದೇ ಸ್ವರದ ಮೇಲೆ ನಿಂತು ಅದನ್ನು ಹಿಗ್ಗಿಸುವುದೆಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಇದನ್ನು ಮಾಡಲು ಮೋಹನ ರಾಗ (ಹಿಂದೂಸ್ತಾನಿಯ ಭೂಪ್) ಅನುಕೂಲ. ಐದೇ ಸ್ವರ: ಸ ರಿ ಗ ಪ ಧ. ಗಮಕವೇ (ಸ್ವರವನ್ನು ತೂಗಿ ಜಾರಿಸುವುದೇ) ಜೀವಾಳವಾದ ತೋಡಿಯಂಥ ರಾಗಗಳ ತಂಟೆಗೆ ಹೋಗಬೇಡಿ, ನಿಂತ ಮನೆಗಳ ವಾದ್ಯಕ್ಕೆ ಅವು ದಕ್ಕುವುದಿಲ್ಲ.

ಟೋನ್ ಆಯ್ಕೆ. ಆರ್ಗನ್, ರೀಡ್ ಅಥವಾ ಸಾ-ಟೂತ್ ಅಲೆಯ ಟೋನ್ ಇರಲಿ. ವೈಬ್ರಾಟೊ, ಕೋರಸ್, ರೋಟರಿ, ರಿವರ್ಬ್ ಎಲ್ಲ ಆಫ್. ಕೋರಸ್ ಎಂಬುದೇ ಸ್ವರವನ್ನು ಬೇಕೆಂದೇ ನಡುಗಿಸುವ ಯಂತ್ರ; ಅದು ಆನ್ ಇದ್ದರೆ ಮುಂದಿನ ಕೆಲಸವೆಲ್ಲ ನೀರಿನಲ್ಲಿ ಹೋಮ. ಕೊಳಲಿನಷ್ಟು ನುಣುಪಾದ ಸೈನ್ ಟೋನೂ ಬೇಡ. ಹಾರ್ಮೋನಿಕ್‌ಗಳೇ ಇಲ್ಲದ ಕಡೆ ಗಾಂಧಾರ ಸರಿಯಿದ್ದರೂ ತಪ್ಪಿದ್ದರೂ ಕಿವಿಗೆ ವ್ಯತ್ಯಾಸ ಹತ್ತುವುದಿಲ್ಲ.

ಶ್ರುತಿ ಬದಲಿಸುವುದು. ಕೀಬೋರ್ಡಿನ ಫಂಕ್ಷನ್ ಮೆನುವಿನಲ್ಲಿ ‘ಸ್ಕೇಲ್ ಟ್ಯೂನಿಂಗ್’ ಇದೆಯೇ ನೋಡಿ. ಇದ್ದರೆ ಒಂದೊಂದು ಮನೆಯನ್ನೂ ಸೆಂಟ್ ಲೆಕ್ಕದಲ್ಲಿ ಏರಿಸಿ ಇಳಿಸಬಹುದು (ಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್). ಬಿಳಿ 1 ಷಡ್ಜವಾದರೆ ಕೊಡಬೇಕಾದ ಅಂಕಿ ನಾಲ್ಕೇ: ಬಿಳಿ 2ಕ್ಕೆ +4, ಬಿಳಿ 3ಕ್ಕೆ −14, ಬಿಳಿ 5ಕ್ಕೆ +2, ಬಿಳಿ 6ಕ್ಕೆ −16. ಉಳಿಸುವ ಮೊದಲು ಮತ್ತೆ ಸ-ಗ ಒತ್ತಿ. ಹತ್ತರ ನಡುಕ ನಿಂತು, ಎರಡು ಸ್ವರ ಒಂದೇ ಗಂಟಲಿನಿಂದ ಬಂದಂತೆ ಕೇಳಬೇಕು. ಸ-ಪದಲ್ಲಿ ಮೊದಲಿದ್ದ ಸೆಕೆಂಡಿಗೊಂದು ನಿಧಾನದ ತೂಗಾಟವೂ ನಿಲ್ಲುತ್ತದೆ.

ಇದಾದ ಮೇಲೆ ಟ್ರಾನ್ಸ್‌ಪೋಸ್ ಗುಂಡಿ ಮುಟ್ಟಬೇಡಿ. ತಿದ್ದಿದ ಅಂಕಿಗಳು ಬಿಳಿ 1ನ್ನು ಷಡ್ಜವೆಂದು ಹಿಡಿದು ಕೊಟ್ಟವು. ಬಿಳಿ 2ರಿಂದ ಮೋಹನ ಶುರುಮಾಡಿದರೆ ಮಾಮೂಲು ಕೀಬೋರ್ಡಿಗಿಂತಲೂ ಬೇಸುರ್ ಆಗುತ್ತದೆ. ತಂಬೂರಿ ಪೆಟ್ಟಿಗೆಯನ್ನೋ ಆ್ಯಪನ್ನೋ ಜೊತೆಗಿಟ್ಟುಕೊಳ್ಳುವುದಾದರೆ ಅದನ್ನೂ ಬಿಳಿ 1ಕ್ಕೇ ಕೂಡಿಸಿ. ಒಂದು ಸೆಂಟ್ ಆಚೀಚೆಯಾದರೂ ಆರೇಳು ಸೆಕೆಂಡಿಗೊಮ್ಮೆ ಷಡ್ಜ ಉಬ್ಬಿ ಇಳಿಯುತ್ತದೆ. ಅಷ್ಟನ್ನು ಬಿಟ್ಟುಬಿಡಬಹುದು, ಹಿತವಾಗಿಯೇ ಇರುತ್ತದೆ.

ಸ್ಕೇಲ್ ಟ್ಯೂನಿಂಗ್ ಇಲ್ಲದ ಕೀಬೋರ್ಡಾದರೆ ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಸರ್ಜ್ ಎಕ್ಸ್‌ಟಿ ಎಂಬ ಉಚಿತ ಸಿಂಥ್ ಹಾಕಿಕೊಳ್ಳಿ. ಅದು ಸ್ಕಾಲಾ ಮಾದರಿಯ ಶ್ರುತಿ ಫೈಲುಗಳನ್ನು ಓದುತ್ತದೆ. ಫೈಲನ್ನು ನೋಟ್‌ಪ್ಯಾಡಿನಲ್ಲೇ ಬರೆಯಬಹುದು. ಮೊದಲ ಸಾಲು ಏನಾದರೊಂದು ಹೆಸರು, ಎರಡನೆಯ ಸಾಲು 12, ಆಮೇಲೆ ಸಾಲಿಗೊಂದರಂತೆ ಹನ್ನೆರಡು ಅಂಕಿ, ಅಂದರೆ ಒಂದೊಂದು ಮನೆಯ ಕಂಪನ ಷಡ್ಜದ ಎಷ್ಟು ಪಟ್ಟು ಎಂಬ ಅನುಪಾತ: 10/9, 9/8, 6/5, 5/4, 4/3, 45/32, 3/2, 8/5, 5/3, 27/16, 15/8, 2/1. ಷಡ್ಜವನ್ನು ಬರೆಯುವುದಿಲ್ಲ, ಅದು ಇದ್ದೇ ಇದೆ ಎಂಬ ಲೆಕ್ಕ. ಅನುಪಾತದ ಬದಲು ಸೆಂಟ್ ಬರೆಯುವವರು ದಶಾಂಶ ಚುಕ್ಕಿ ಮರೆಯಬಾರದು. 702.0 ಎಂದರೆ ಪಂಚಮ. ಚುಕ್ಕಿ ಬಿಟ್ಟು 702 ಎಂದರೆ ತಂತ್ರಾಂಶ ಅದನ್ನು 702/1 ಎಂದು ಓದಿ ಸ್ವರವನ್ನು ಒಂಬತ್ತು ಸಪ್ತಕ ಆಚೆಗೆ ಎಸೆಯುತ್ತದೆ. ‘ಬಿಳಿ 5 ಕೆಟ್ಟಿದೆ, ಸದ್ದೇ ಇಲ್ಲ’ ಎನ್ನುವುದರ ಮೂಲ ಬಹಳ ಸಲ ಈ ಒಂದು ಚುಕ್ಕಿ.

ರಿ-ಧ ಜಗಳ. ಆ ಪಟ್ಟಿಯಲ್ಲಿ 10/9 ಮತ್ತು 27/16 ಯಾಕೆ ಎಂದು ಸೂಕ್ಷ್ಮ ಕಿವಿಯವರು ಕೇಳಬಹುದು. ಸ-ಗ, ಸ-ಪ, ಸ-ಧ ಎಲ್ಲ ಕೂಡಿದ ಮೇಲೂ ಬಿಳಿ 2 ಮತ್ತು ಬಿಳಿ 6, ಅಂದರೆ ರಿಷಭ ಧೈವತಗಳನ್ನು ಒಟ್ಟಿಗೆ ಒತ್ತಿದರೆ ಸೆಕೆಂಡಿಗೆ ಹನ್ನೊಂದು ಸಲ ಗರಗರ. 9/8ರಿಂದ 5/3ಕ್ಕೆ ಇರುವ ಅಂತರ 680 ಸೆಂಟ್, ಶುದ್ಧ ಪಂಚಮ ಭಾವಕ್ಕೆ ಬೇಕಾದದ್ದು 702. ಸುಮಾರು 22 ಸೆಂಟಿನ ಈ ಕೊರತೆಯೇ ನಮ್ಮ ಶಾಸ್ತ್ರ ಹೇಳುವ ಪ್ರಮಾಣ ಶ್ರುತಿ, 81/80. ಯಾರೂ ತಪ್ಪು ಮಾಡಿಲ್ಲ. ಗಾಯಕರು ಅಲ್ಲಲ್ಲೇ ಗಂಟಲಲ್ಲಿ ಸರಿಮಾಡಿಕೊಳ್ಳುತ್ತಾರೆ, ಕೀಬೋರ್ಡಿಗೆ ಆ ಜಾಣತನ ಇಲ್ಲ.

ಮೋಹನದಲ್ಲಿ ಕಪ್ಪು ಮನೆಗಳಿಗೆಲ್ಲ ರಜೆ. ಅವುಗಳಲ್ಲಿ ಎರಡನ್ನು ದುಡಿಸಿಕೊಳ್ಳಿ. ಮೇಲಿನ ಫೈಲಿನಲ್ಲಿ ಕಪ್ಪು 1 ತುಸು ತಗ್ಗಿದ ರಿಷಭ, ಕಪ್ಪು 5 ತುಸು ಏರಿದ ಧೈವತ. ಬಿಳಿ 6ರ ಜೊತೆ ರಿಷಭ ಬೇಕಾದಾಗ ಕಪ್ಪು 1, ಬಿಳಿ 2ರ ಜೊತೆ ಧೈವತ ಬೇಕಾದಾಗ ಕಪ್ಪು 5. ಎರಡೂ ಜೋಡಿ ನಿಶ್ಚಲವಾಗಿ ಕೂರುತ್ತವೆ. ಸ್ಕೇಲ್ ಟ್ಯೂನಿಂಗಿನಲ್ಲೇ ಮಾಡುವುದಾದರೆ ಕಪ್ಪು 1ನ್ನು ಏರಿಸಬೇಕಾದದ್ದು 82 ಸೆಂಟ್. 64 ಸೆಂಟಿನ ಆಸುಪಾಸಿನಲ್ಲೇ ನಿಲ್ಲುವ ಕೀಬೋರ್ಡುಗಳಲ್ಲಿ ಈ ಉಪಾಯ ನಡೆಯದು. ಅಲ್ಲಿ ರಿ ಮತ್ತು ಧಗಳನ್ನು ದೂರ ದೂರ ಇಡುವುದೇ ದಾರಿ.

ಮರಳಿ ಬರುವ ಸ್ವರ. ರೈಲಿಯವರ ಎರಡು ಯಂತ್ರಗಳ ಏರ್ಪಾಟಿನಲ್ಲಿ ಟೇಪು ಸೆಕೆಂಡಿಗೆ 19 ಸೆಂ.ಮೀ. ಓಡುವಾಗ ಎರಡು ಯಂತ್ರಗಳನ್ನು 76 ಸೆಂ.ಮೀ. ದೂರ ಇಟ್ಟರೆ ನಾಲ್ಕು ಸೆಕೆಂಡು ತಡ. ಇಂದು ಕಂಪ್ಯೂಟರಿನ ಡಿಲೇ ಪ್ಲಗಿನ್‌ನಲ್ಲಿ (ಸದ್ದನ್ನು ತಡವಾಗಿ ಮರಳಿಸುವ ತಂತ್ರಾಂಶ) 4000 ಮಿಲಿಸೆಕೆಂಡ್ ಎಂದು ಬರೆದರಾಯಿತು. ಫೀಡ್‌ಬ್ಯಾಕ್ (ಮರಳಿ ಬಂದ ಸದ್ದಿನಲ್ಲಿ ಮತ್ತೆ ಸುತ್ತಿಗೆ ಹೋಗುವ ಪಾಲು) 55 ಶೇಕಡ ಇಡಿ. ಪ್ರತಿ ಸುತ್ತಿಗೆ ಸದ್ದು ಅರ್ಧದಷ್ಟಾಗುತ್ತ, ಐದನೇ ಸುತ್ತಿಗೆ, ಅಂದರೆ 20 ಸೆಕೆಂಡಿಗೆ, ಇಪ್ಪತ್ತನೇ ಒಂದು ಪಾಲಿಗಿಳಿಯುತ್ತದೆ. 100 ಶೇಕಡ ದಾಟಿದರೆ ಸದ್ದು ಇಳಿಯುವ ಬದಲು ಬೆಳೆದು ಸ್ಪೀಕರ್ ಕಿರುಚುತ್ತದೆ. 55ರಲ್ಲೂ ಒಂದೇ ಸ್ವರ ಅದರ ಮರುದನಿಗಳ ಮೇಲೇ ಬೀಳುತ್ತ ಹೋದರೆ ಎರಡು ಪಟ್ಟಿಗೂ ಮೀರಿ ಜೋರಾಗುವುದರಿಂದ, ಕೀಬೋರ್ಡಿನ ಸದ್ದು ಮೀಟರಿನಲ್ಲಿ −12 ಡೆಸಿಬಲ್ ಮೀರದಿರಲಿ.

ಎಡಗೈಗೆ ಏಳಕ್ಷರದ ಸುತ್ತು ಕೊಡಿ, ಮಿಶ್ರ ನಡೆ: ಸ ಗ ಪ, ಸ ಪ ಗ ಪ. ಸೆಕೆಂಡಿಗೆ ನಾಲ್ಕು ಅಕ್ಷರ, ನಿಮಿಷಕ್ಕೆ 120 ಬಡಿತದ ಮೆಟ್ರೊನೋಮಿನಲ್ಲಿ ಬಡಿತಕ್ಕೆರಡು. ನಾಲ್ಕು ಸೆಕೆಂಡಿನ ಡಿಲೇಯಲ್ಲಿ 16 ಅಕ್ಷರ. ಏಳು ಹದಿನಾರರೊಳಗೆ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಮರಳಿ ಬಂದ ಸುತ್ತು ಹೊಸ ಸುತ್ತಿನ ಸಂದಿಗಳಲ್ಲಿ ಬೀಳುತ್ತದೆ, ನೀವು ನುಡಿಸದ ನೇಯ್ಗೆಯೊಂದು ಹುಟ್ಟುತ್ತದೆ. ಎರಡೂ ಮತ್ತೆ ಒಟ್ಟಿಗೆ ಮೊದಲಾಗುವುದು 112 ಅಕ್ಷರಕ್ಕೆ, 28 ಸೆಕೆಂಡಿಗೆ. ಎಂಟಕ್ಷರದ ಸುತ್ತು ಹಾಕಿದರೆ ಅದು ತನ್ನ ಮೇಲೆ ತಾನೇ ಬಿದ್ದು ಬರೀ ಜೋರಾಗುತ್ತದೆ. ಆದಿತಾಳದ ಅಭ್ಯಾಸದ ಕೈಗಳು ಎಡವುವುದು ಇಲ್ಲೇ.

ಬಲಗೈ ಅವಸರಪಡಬಾರದು. 28 ಸೆಕೆಂಡಿನ ಒಂದು ಆವರ್ತಕ್ಕೆ ಒಂದೇ ಹೊಸ ಸ್ವರ, ಅದೂ ದೀರ್ಘವಾಗಿ. ಈ ಏರ್ಪಾಟಿನಲ್ಲಿ ಆರೋಹಣ ಅವರೋಹಣ ಒಂದರ ಮೇಲೊಂದು ಕೂತುಬಿಡುವುದರಿಂದ ರಾಗದ ನಡೆ ಉಳಿಯುವುದು ಈ ಸಾವಧಾನದಲ್ಲಿ ಮಾತ್ರ. ಅಪ್ಪಿತಪ್ಪಿ ಬಿಳಿ 4 ತಾಗಿದರೆ ಆ ಮಧ್ಯಮ 20 ಸೆಕೆಂಡು ಬೆನ್ನು ಬಿಡುವುದಿಲ್ಲ. ಡಿಲೇ ಆಫ್ ಮಾಡಿ ಅಳಿಸಲು ಹೋದರೆ ನೇಯ್ಗೆಯೂ ಅಳಿಯುತ್ತದೆ. ಎಡಗೈ ನಿಲ್ಲಿಸದೆ, ಬಲಗೈ ಎತ್ತಿ ಕಾಯಿರಿ.

ರೆಕಾರ್ಡ್ ಮಾಡುವಾಗ ಕೊನೆಯ ಸ್ವರ ಬಿಟ್ಟ ಕೂಡಲೇ ಸ್ಟಾಪ್ ಒತ್ತಬೇಡಿ. ಇನ್ನೂ ಅರ್ಧ ನಿಮಿಷ ಟ್ರ್ಯಾಕ್ ಓಡಲಿ, ಎಡಗೈಯ ಏಳಕ್ಷರ ಒಂದೊಂದೇ ಸುತ್ತು ತೆಳುವಾಗುತ್ತ ಹೋಗಿ ಮೌನದಲ್ಲಿ ಕರಗುವುದು ಆಗಲೇ.