ಪಿಪಿಟಿಯಲ್ಲಿ ಗೆರೆ, ಆ್ಯರೋ ಸೊಟ್ಟ ಬರ್ತಿದ್ರೆ ಹೀಗೆ ಮಾಡಿ

ಪವರ್‌ಪಾಯಿಂಟಲ್ಲಿ ಫ್ಲೋಚಾರ್ಟ್ ಮಾಡೋವಾಗ ಆ್ಯರೋ ಒಂಚೂರು ವಾಲಿದ್ರೂ ಪ್ರೊಜೆಕ್ಟರ್‌ನಲ್ಲಿ ಎದ್ದು ಕಾಣತ್ತೆ, ದಯವಿಟ್ಟು ಕಣ್ಣಳತೆಯಲ್ಲಿ ಎಳೆದು ಬಿಡಬೇಡಿ. ಹೊಸದಾಗಿ ಗೆರೆ ಎಳೀತಿದ್ರೆ ಶಿಫ್ಟ್ ಒತ್ತಿ ಹಿಡ್ಕೊಂಡು ಎಳೀರಿ, ನೇರವಾಗೋ ಇಲ್ಲ 45 ಡಿಗ್ರಿಗೋ ನಿಲ್ಲತ್ತೆ, ಮೊದಲು ಮೌಸ್ ಬಿಟ್ಟು ಆಮೇಲೆ ಶಿಫ್ಟ್ ಬಿಡಿ. ಆಗಲೇ ಎಳೆದಿರೋ ಗೆರೆ ಸೊಟ್ಟ ಇದ್ರೆ ಅದನ್ನ ಸೆಲೆಕ್ಟ್ ಮಾಡಿ ಶೇಪ್ ಫಾರ್ಮ್ಯಾಟ್‌ಗೆ ಹೋಗಿ ಹೈಟ್ 0 ಕೊಡಿ, ಅಡ್ಡಗೆರೆ ನೆಟ್ಟಗಾಗತ್ತೆ, ಉದ್ದಗೆರೆಗೆ ವಿಡ್ತ್ 0, ಅಷ್ಟೇ.

ಆದ್ರೆ ಬಾಕ್ಸ್‌ಗೆ ಅಂಟಿರೋ ಆ್ಯರೋಗೆ ಈ ಉಪಾಯ ಮಾಡಬೇಡಿ. ಅಲ್ಲಿ ತಪ್ಪು ಆ್ಯರೋದಲ್ಲ, ಬಾಕ್ಸ್‌ಗಳೇ ಒಂದೇ ಸಾಲಲ್ಲಿ ಕೂತಿರಲ್ಲ, ಬಾಕ್ಸ್ ಜೋಡಿಸೋಕೆ ಮೊಣಕೈ ಥರ ಮಡಿಚ್ಕೊಂಡು ಹೋಗೋ ಗೆರೆ, ಅಂದ್ರೆ ಎಲ್ಬೋ ಕನೆಕ್ಟರ್‌ನಲ್ಲಿ ನಡುವೆ ಸಣ್ಣದೊಂದು ಮೆಟ್ಟಿಲು ಥರ ಕಾಣೋದೂ ಅದಕ್ಕೇ. ಬಾಕ್ಸ್‌ಗಳನ್ನೆಲ್ಲ ಒಟ್ಟಿಗೆ ಸೆಲೆಕ್ಟ್ ಮಾಡಿ, ಅಕ್ಕಪಕ್ಕ ಇದ್ರೆ ಅಲೈನ್ ಮಿಡಲ್, ಮೇಲೆ ಕೆಳಗೆ ಇದ್ರೆ ಅಲೈನ್ ಸೆಂಟರ್ ಕೊಡಿ, ಎತ್ತರ ಅಗಲನೂ ಒಂದೇ ಇಟ್ರೆ ಇನ್ನೂ ಒಳ್ಳೇದು, ಆ್ಯರೋ ತಾನಾಗೇ ನೆಟ್ಟಗಾಗತ್ತೆ.

ಅಂಟಿದೆಯೋ ಇಲ್ವೋ ನೋಡೋಕೆ ಆ್ಯರೋ ಮೇಲೆ ಕ್ಲಿಕ್ ಮಾಡಿ, ಈಗಿನ ವರ್ಷನ್‌ಗಳಲ್ಲಿ ತುದಿಯ ಚುಕ್ಕೆ ಹಸಿರಾಗಿದ್ರೆ ಅಂಟಿದೆ ಅಂತ ಅರ್ಥ, ಬಿಳಿ ಇದ್ರೆ ಬಾಕ್ಸ್ ಸರಿಸಿದಾಗ ಅದು ಅಲ್ಲೇ ಉಳಿದುಬಿಡತ್ತೆ, ತುದಿ ಹಿಡಿದು ಬಾಕ್ಸ್ ಅಂಚಿನ ಚುಕ್ಕೆಗೆ ತಗೊಂಡೋಗಿ ಬಿಡಿ. ಪ್ರಾಜೆಕ್ಟ್ ವೈವಾ ಇರೋ ಮಕ್ಕಳು ಮೊದಲಿಂದ್ಲೇ ಹೀಗೆ ಅಂಟಿಸಿಕೊಂಡು ಹೋಗಿ, ಕೊನೇ ಗಳಿಗೆಯಲ್ಲಿ ಪ್ರಾಜೆಕ್ಟ್ ಗೈಡ್ ಮಾಡೋ ಮೇಷ್ಟ್ರು "ಬಾಕ್ಸ್ ಜಾಗ ಬದಲಾಯಿಸಿ" ಅಂದ್ರೂ ಆ್ಯರೋಗಳನ್ನ ಮತ್ತೆ ಎಳೆಯೋ ಕೆಲಸ ಇರಲ್ಲ.