ಇಬ್ಸೆನ್‌ನನ್ನು ಪಲ್ಪರ್ ನೀರಿಗಿಳಿಸಿದ್ದು: ನನ್ನ ಅನುಭವ

"ನಾಟಕ ಇಟ್ಕೊಂಡು ಸಿನಿಮಾ ಮಾಡಿದ್ರೆ ಕ್ಯಾಮೆರಾಕ್ಕೇನು ಕೆಲಸ ಕಣಯ್ಯ? ರೇಡಿಯೋ ನಾಟಕ ಮಾಡು, ಖರ್ಚಾದ್ರೂ ಉಳಿಯುತ್ತೆ" ಎಂದು ನಮ್ಮ ತಂಡದ ಹಿರಿಯರೊಬ್ಬರು 2019ರಲ್ಲಿ ಹೇಳಿದ್ದರು. ಕೊನೆಗೆ ಸಿನಿಮಾ ಆದಾಗ ಅವರೇ ಮುಂದಿನ ಸಾಲಲ್ಲಿ ಕೂತು 84 ನಿಮಿಷ ಅಲ್ಲಾಡದೆ ನೋಡಿದರು. ಎದ್ದವರು, "ಆ ಮೈಕ್‌ಸೆಟ್ ಹುಡುಗನ್ನ ಎಲ್ಲಿಂದ ಹಿಡ್ಕೊಂಡು ಬಂದೆ?" ಎಂದಷ್ಟೇ ಕೇಳಿದರು. ನನಗೆ ಅಷ್ಟು ಸಾಕಿತ್ತು.

ನಾಟಕ ನಾರ್ವೆಯ ನಾಟಕಕಾರ ಇಬ್ಸೆನ್‌ನ 'ಆನ್ ಎನಿಮಿ ಆಫ್ ದ ಪೀಪಲ್', 1882ರದ್ದು. ಆರೋಗ್ಯಕ್ಕೆಂದು ಜನ ಬಂದು ಮೀಯುವ, ಊರಿಗೆ ದುಡ್ಡು ತರುವ ಸ್ನಾನಗೃಹದ ನೀರು ಕೆಟ್ಟಿದೆ ಎನ್ನುವ ಡಾಕ್ಟರು, ಬಾಯಿ ಮುಚ್ಚು ಎನ್ನುವ ಮೇಯರ್ ಅಣ್ಣ. ಸತ್ಯಜಿತ್ ರೇ 1989ರಲ್ಲೇ ಇದನ್ನು 'ಗಣಶತ್ರು' ಮಾಡಿದ್ದಾರಲ್ಲ, ನಿನ್ನದೇನು ಹೊಸದು ಎಂದವರೂ ಇದ್ದರು. ರೇ ಆ ನೀರನ್ನು ದೇವಸ್ಥಾನದ ತೀರ್ಥ ಮಾಡಿದರು. ನನಗೆ ದೇವರ ತಂಟೆಗೆ ಹೋಗುವ ಧೈರ್ಯ ಇರಲಿಲ್ಲ, ಅಗತ್ಯವೂ ಬೀಳಲಿಲ್ಲ. ನಾನು ಸಕಲೇಶಪುರದ ಕಡೆಯವನು. ಕಾಫಿ ಹಣ್ಣು ಕೊಯ್ಲು ಶುರುವಾದರೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ಹಳ್ಳಕ್ಕಿಳಿದು ಹುಳಿನಾತ ಹೊಡೆಯುವುದನ್ನು ಮೂಗೇ ಬಲ್ಲದು. ಇಬ್ಸೆನ್‌ನಲ್ಲಿ ಮೇಲಿನ ಕಣಿವೆಯ ಚರ್ಮ ಹದಮಾಡುವ ಕಡೆಯಿಂದ ಕೊಳೆ ಬರುತ್ತದೆ. ಅಲ್ಲಿ ಪಲ್ಪರ್ ಇಟ್ಟೆ, ಸ್ನಾನಗೃಹದ ಜಾಗಕ್ಕೆ ಹೋಮ್‌ಸ್ಟೇ ಇಟ್ಟೆ, ಉಳಿದದ್ದು ತಾನಾಗಿ ಕೂತಿತು. ಮೂಲದಲ್ಲಿ ಮಾವ ಮಾರ್ಟನ್ ಕೀಲ್, ಮಗಳಿಗೆಂದು ಇಟ್ಟ ದುಡ್ಡಿನಲ್ಲೇ ಬಿದ್ದ ಬೆಲೆಗೆ ಸ್ನಾನಗೃಹದ ಷೇರು ಕೊಂಡು ಅಳಿಯನ ಕೈ ಕಟ್ಟುತ್ತಾನೆ. ನಮ್ಮ ಎಸ್ಟೇಟ್ ಮಾವ ಗಿರಾಕಿಯಿಲ್ಲದ ಎರಡು ಹೋಮ್‌ಸ್ಟೇ ಮಗಳ ಹೆಸರಿಗೆ ರಿಜಿಸ್ಟರ್ ಮಾಡಿಸಿ, ಪತ್ರ ತಂದು ಅಳಿಯನ ಅನ್ನದ ತಟ್ಟೆಯ ಪಕ್ಕ ಇಡುತ್ತಾನೆ. "ಈಗ ಮಾತಾಡಿ ಡಾಕ್ಟ್ರೇ."

ಹಕ್ಕಿನ ವಿಷಯ ಹೇಳಿಬಿಡುತ್ತೇನೆ, ಇಲ್ಲಿ ಎಡವಿದವರು ಬಹಳ. ಇಬ್ಸೆನ್ ತೀರಿಕೊಂಡದ್ದು 1906ರಲ್ಲಿ, ಮೂಲಕ್ಕೆ ಯಾರಿಗೂ ಕಾಸು ಕೊಡಬೇಕಿಲ್ಲ. ಆದರೆ ಅನುವಾದಕರ ಹಕ್ಕು ಬೇರೆ, ಅವರು ಹೋದಮೇಲೂ 60 ವರ್ಷ ಇರುತ್ತದೆ. ಹಾಗಾಗಿ ಕನ್ನಡ ಅನುವಾದ ಯಾವುದನ್ನೂ ಮುಟ್ಟದೆ, ಎಲೀನರ್ ಮಾರ್ಕ್ಸ್ 1888ರಲ್ಲಿ ಮಾಡಿದ ಇಂಗ್ಲಿಷನ್ನು ಎದುರಿಗಿಟ್ಟುಕೊಂಡು ಬರೆದೆ.

ಮೊದಲ ಸಲ ಕೈಸುಟ್ಟುಕೊಂಡದ್ದು ನಟರಿಂದ. ರಂಗದ ಮೇಲೆ ಹುಲಿಗಳಂಥವರು, ಕ್ಯಾಮೆರಾ ಮೂರಡಿ ದೂರದಲ್ಲಿದ್ದರೂ ಕೊನೇ ಸಾಲಿಗೆ ಕೇಳಲೆಂದು ಕೂಗಿದರು. ಮೂರು ದಿನ, ಅರವತ್ತೋ ಎಪ್ಪತ್ತೋ ಸಾವಿರ ಹೋಯಿತು. ಅವರ ದನಿ ಇಳಿಸುವ ಉಪಾಯ ಆಮೇಲೆ ಸಿಕ್ಕಿತು. ಅದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು ನೋಡಿ. ಅದಕ್ಕೆ ಒಂದು ಹಿತ್ತಾಳೆ ಚೊಂಬು ಬೇಕು ಎಂಬಷ್ಟು ಹೇಳಬಲ್ಲೆ.

ಎರಡನೆಯದು ಇನ್ನೂ ದೊಡ್ಡ ದಡ್ಡತನ. ರೇಗೆ ಹೃದಯದ ತೊಂದರೆ ಇದ್ದದ್ದರಿಂದ 'ಗಣಶತ್ರು'ವನ್ನು ಹೆಚ್ಚುಕಡಿಮೆ ಸ್ಟುಡಿಯೋ ಒಳಗೇ ತೆಗೆದರು, ನಾಟಕದ ಹಾಗಿದೆ ಎಂದು ಬೈಸಿಕೊಂಡರು. ನಮಗೆ ಆ ಮಾತು ಬರಬಾರದೆಂದು ನಾನು ಹೊರಗೆ ಓಡಿದೆ. ಡ್ರೋನ್, ಜಲಪಾತ, ಮಂಜು, ಜೀಪು. ನಲವತ್ತು ಸಾವಿರ. ಎಡಿಟಿಂಗ್‌ನಲ್ಲಿ ಕೂತು ನೋಡಿದರೆ ಅಣ್ಣತಮ್ಮಂದಿರ ಜಗಳಕ್ಕೆ ಕಾವೇ ಇಲ್ಲ. ಬಯಲಲ್ಲಿ ನಿಂತವನು ಸಿಟ್ಟು ಬಂದರೆ ನಡೆದುಬಿಡುತ್ತಾನೆ, ಒಳಗಾದರೆ ಬಾಗಿಲಿಗೆ ಅಣ್ಣ ಅಡ್ಡ ನಿಂತಿರುತ್ತಾನೆ. ಎಲ್ಲ ಕಿತ್ತುಹಾಕಿ ಮತ್ತೆ ಮನೆಯೊಳಗೆ ಬಂದೆ. ಡ್ರೋನ್‌ನದ್ದು ಒಂದು ಶಾಟೂ ಉಳಿದಿಲ್ಲ.

ಹಳೇ ನಾಟಕಗಳಿಗೆ ನಿಜವಾದ ಶತ್ರು ಮೊಬೈಲು. ಮೂಲದಲ್ಲಿ ನೀರಿನ ವರದಿ ಅಂಚೆಯಲ್ಲಿ ಬರುತ್ತದೆ, ಪತ್ರಿಕೆ ಅದನ್ನು ಅಚ್ಚುಹಾಕುವುದೋ ಇಲ್ಲವೋ ಎಂಬುದರಲ್ಲೇ ಮೂರನೇ ಅಂಕ ನಡೆಯುತ್ತದೆ. ಈಗ ಡಾಕ್ಟರು ಒಂದು ಫಾರ್ವರ್ಡ್ ಮಾಡಿದರೆ ಹತ್ತು ನಿಮಿಷಕ್ಕೆ ಕತೆ ಖಲಾಸ್. ಆರು ತಿಂಗಳು ಇದರಲ್ಲೇ ಸಿಕ್ಕಿಬಿದ್ದಿದ್ದೆ. ನೆಟ್‌ವರ್ಕ್ ಇಲ್ಲ ಎಂದು ಬರೆಯುವುದು ಸೋಮಾರಿತನ. ಕೊನೆಗೆ ಡಾಕ್ಟರ ಕೈಯಲ್ಲೇ ಪಿಡಿಎಫ್ಫನ್ನು ಹೋಮ್‌ಸ್ಟೇ ಗ್ರೂಪಿಗೆ ಹಾಕಿಸಿದೆ. ಅಡ್ಮಿನ್ ಅಣ್ಣ ಅದನ್ನು ಅಳಿಸುತ್ತಾನೆ, ಮರುಕ್ಷಣ 'ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸಬಹುದು' ಎಂದು ಬರುತ್ತದೆ. ಅಚ್ಚು ಹಾಕಲಾರೆ ಎನ್ನುವ ಮುದ್ರಕ ಆಸ್ಲಾಕ್ಸೆನ್ ನಮ್ಮಲ್ಲಿ ಫ್ಲೆಕ್ಸ್ ಅಂಗಡಿಯವನು. ನೋಡಿದ ಎಲ್ಲ ಊರಲ್ಲೂ ಜನ ನಕ್ಕದ್ದು ಅಲ್ಲೇ.

ನಗುವಿನ ಮಾತು ಬಂತು. ನಡುವೆ ಕೈಲಾಸಂ ಅವರ 'ಟೊಳ್ಳುಗಟ್ಟಿ'ಯ ಒಂದು ತುಣುಕನ್ನು ಫೋನಿನಲ್ಲೇ ಹನ್ನೆರಡು ನಿಮಿಷ ತೆಗೆದು ನೋಡಿದ್ದೆ. ಮುಗ್ಗರಿಸಿತು. ರಂಗದಲ್ಲಿ ನಟ ಜನರ ನಗು ಇಳಿಯುವ ತನಕ ಕಾಯುತ್ತಾನೆ. ಪರದೆಯಲ್ಲಿ ಆ ಕಾಯುವಿಕೆ ಮಾತು ಮರೆತವನ ಹಾಗೆ ಕಾಣುತ್ತದೆ. ಆ ಪಾಠದಿಂದ ಡಾಕ್ಟರ ಸಿನಿಮಾದಲ್ಲಿ ಐದಾರು ನಿಮಿಷ ಉಳಿಯಿತು.

ನಾಲ್ಕನೇ ಅಂಕದಲ್ಲಿ ಡಾಕ್ಟರು ಊರವರ ಮುಂದೆ ಮಾತಾಡಲು ಕರೆಯುವ ಸಭೆ ಎಲ್ಲರ ಕೈಗೂ ದಕ್ಕುವುದಲ್ಲ. ನೂರು ಜನ, ತಲೆಗೆ ಐನೂರು, ಮೇಲೆ ಊಟ. ಬೆಳಿಗ್ಗೆ ಚಿತ್ರಾನ್ನ ತಿಂದವರು ಮಧ್ಯಾಹ್ನದವರೆಗೆ ಕ್ಯಾಮೆರಾವನ್ನೇ ನೋಡಿದರು. ಜೊತೆಗೆ ಪಕ್ಕದ ತೋಟದ ಡೀಸೆಲ್ ಮೋಟಾರು. ಪೂರಾ ದಂಡ. ಇಬ್ಸೆನ್‌ನಲ್ಲಿ ಜನ ಡಾಕ್ಟರನ್ನು ಹೊಡೆದು ಬಾಯಿ ಮುಚ್ಚಿಸುವುದಿಲ್ಲ, ಮೊದಲು ಸಭೆಗೊಬ್ಬ ಅಧ್ಯಕ್ಷನನ್ನು ಆರಿಸುತ್ತಾರೆ. ನಮ್ಮೂರಿಗೆ ಇದಕ್ಕಿಂತ ಹೊಂದುವುದು ಯಾವುದಿದೆ? ಎರಡನೇ ಸಲ ಇಪ್ಪತ್ತೆರಡೇ ಜನ, ಕ್ಯಾಮೆರಾ ಶಾಮಿಯಾನದ ಮೂಲೆಯ ಮೈಕ್‌ಸೆಟ್ ಮೇಜಿನ ಹಿಂದೆ. ಆ ಊರಿನ ಮೈಕ್‌ಸೆಟ್ ಹುಡುಗನನ್ನೇ ಕೂರಿಸಿದೆ. ಅಧ್ಯಕ್ಷ ಬರೀ ಕಣ್ಣು ಮಿಟುಕಿಸುತ್ತಾನೆ. ಹೆಬ್ಬೆರಳಿಗೆ ಇನ್ಸುಲೇಷನ್ ಟೇಪ್ ಸುತ್ತಿಕೊಂಡ ಹುಡುಗ ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತಾನೆ. ದೂರದಲ್ಲಿ ಡಾಕ್ಟರ ಬಾಯಿ ಆಡುತ್ತಲೇ ಇದೆ, ನಮಗೆ ಕೇಳುವುದು ಜನರೇಟರ್ ಸದ್ದು ಮಾತ್ರ. ಒಂದೇ ಶಾಟ್, ನಾಲ್ಕು ನಿಮಿಷ, ಮೂರನೇ ಟೇಕ್. ಟೇಪ್ ಸುತ್ತಿದ್ದು ನಾನಲ್ಲ, ಅವತ್ತು ಬೆಳಿಗ್ಗೆ ಅವನಿಗೆ ನಿಜವಾಗಿ ಶಾಕ್ ಹೊಡೆದಿತ್ತು.

ಒಟ್ಟು ಒಂಬತ್ತು ಲಕ್ಷದ ಹತ್ತಿರ ಆಯಿತು, ನಾಲ್ಕು ನನ್ನದು, ಉಳಿದದ್ದು ಸ್ನೇಹಿತರದು. ಊರೂರಿನ ಸಣ್ಣ ಸಭಾಂಗಣಗಳಲ್ಲಿ ತೋರಿಸಿ ಇಲ್ಲಿಯವರೆಗೆ ಮೂರೂವರೆ ವಾಪಸ್ ಬಂದಿದೆ. ಮುಂದಿನದಕ್ಕೆ ಓಡಾಟ ಶುರುಮಾಡಿದ್ದೇನೆ. ಮೈಕ್‌ಸೆಟ್ ಹುಡುಗ ಈಗ ದಿನಕ್ಕೆ ಮೂರು ಸಾವಿರ ಕೇಳುತ್ತಿದ್ದಾನೆ. ಎರಡೂವರೆಗೆ ಇಳಿಸಲು ನೋಡುತ್ತಿದ್ದೇನೆ.