ಗೇಮ್ ಕೊಳ್ಳುವ ಮೊದಲು ಹದಿನೈದು ನಿಮಿಷ, ಕೊಂಡಮೇಲೆ ಎರಡು ತಾಸು

ಇಳಕಲ್ಲಿನಲ್ಲಿ ಸೀರೆ ಕೊಳ್ಳುವವರು ಸೆರಗು ಬಿಚ್ಚಿಸಿ ನೋಡದೆ ರೊಕ್ಕ ತೆಗೆಯುವುದಿಲ್ಲ. ದೊಡ್ಡ ಗೇಮ್‌ಗಳನ್ನು ಮಾತ್ರ ಮಡಿಕೆ ಬಿಚ್ಚುವ ಮೊದಲೇ, ಎಷ್ಟೋ ಸಲ ನೇಯ್ದು ಮುಗಿಯುವ ಮೊದಲೇ, ನಾಲ್ಕೈದು ಸಾವಿರ ಕೊಟ್ಟು ತರುತ್ತೇವೆ. 2020ರ ಡಿಸೆಂಬರ್ 10ರಂದು ಬಂದ ಸೈಬರ್‌ಪಂಕ್ 2077 ಹಳೆಯ ಕನ್ಸೋಲ್‌ಗಳಲ್ಲಿ ಎಷ್ಟು ಕೆಟ್ಟದಾಗಿ ಓಡಿತೆಂದರೆ, ಸುಮಾರು ಒಂದು ವಾರದಲ್ಲೇ ಸೋನಿ ಅದನ್ನು ತನ್ನ ಸ್ಟೋರಿನಿಂದ ತೆಗೆಯಿತು. ಮರಳಿದ್ದು 2021ರ ಜೂನ್‌ನಲ್ಲಿ. ಆಮೇಲೆ ಅದು ಒಳ್ಳೆಯ ಗೇಮ್ ಆಯಿತು, ನಿಜ. ಆದರೆ ಆ ಒಳ್ಳೆಯ ಗೇಮ್ ಕಡಿಮೆ ಬೆಲೆಗೆ ಸಿಕ್ಕಿದ್ದು ಕಾದು ಕೊಂಡವರಿಗೆ.

ಹಾಗಾಗಿ ಮೊದಲ ಕೆಲಸ: ಪ್ರೀ-ಆರ್ಡರ್ ಬಿಡಿ. ಡೌನ್‌ಲೋಡ್ ಮಾಡುವ ಸರಕಿಗೆ ಸ್ಟಾಕ್ ಮುಗಿಯುವ ಭಯವಿಲ್ಲ. ಈಗಾಗಲೇ ಮಾಡಿದ್ದರೆ, ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬಿಡುಗಡೆಯ ಮೊದಲು ಯಾವಾಗ ಬೇಕಾದರೂ ರದ್ದು ಮಾಡಬಹುದು. ಆದರೆ ಹೆಚ್ಚು ರೊಕ್ಕ ಕೊಟ್ಟು ಮೂರು ದಿನ ಮುಂಚೆ ಆಡುವ ಆವೃತ್ತಿ ಕೊಂಡಿದ್ದರೆ ಎಚ್ಚರ. 2024ರ ಏಪ್ರಿಲ್‌ನಿಂದ ಆ ಮುಂಗಡ ಆಟದ ಸಮಯವೂ ರಿಫಂಡಿಗಿರುವ ಎರಡು ತಾಸಿನ ಲೆಕ್ಕಕ್ಕೆ ಸೇರುತ್ತದೆ.

ಸ್ಟೋರ್ ಪುಟ ಓದುವ ಕ್ರಮ

ಟ್ರೇಲರ್ ನೋಡಬೇಡಿ, ಬಲಗಡೆಯ ಸಣ್ಣ ಅಕ್ಷರ ನೋಡಿ. ಇನ್-ಆ್ಯಪ್ ಪರ್ಚೇಸಸ್, ಬೇರೆ ಕಂಪನಿಯ ಅಕೌಂಟ್ ಬೇಕು, ಕಳ್ಳ ನಕಲು ತಡೆಯುವ ಡೆನುವೊ ತಂತ್ರಾಂಶ ಇದೆ: ಇವೆಲ್ಲ ಅಲ್ಲೇ ಬರೆದಿರುತ್ತವೆ. ಪೂರ್ತಿ ಬೆಲೆ ಕೊಟ್ಟ ಗೇಮಿನೊಳಗೆ ಮತ್ತೊಂದು ಅಂಗಡಿ ಇದೆಯೇ ಎಂಬುದು ಇಲ್ಲೇ ಗೊತ್ತಾಗುತ್ತದೆ. ನಂತರ ವಿಮರ್ಶೆಗಳಲ್ಲಿ ಕಳೆದ 30 ದಿನದವನ್ನು ಮಾತ್ರ ತೆರೆಯಿರಿ. ಬರೆದವರು ಎಷ್ಟು ತಾಸು ಆಡಿದ್ದಾರೆಂದು ಪಕ್ಕದಲ್ಲೇ ಇರುತ್ತದೆ. ಒಂದು ತಾಸು ಆಡಿದವರ ಹೊಗಳಿಕೆಗಿಂತ ಮೂವತ್ತು ತಾಸು ಆಡಿದವರ ದೂರಿಗೆ ತೂಕ ಹೆಚ್ಚು. ಕೊನೆಗೆ ಬೆಲೆಗಳ ದಾಖಲೆ ಇಡುವ ಸ್ಟೀಮ್‌ಡಿಬಿ ಜಾಲತಾಣದಲ್ಲಿ ಅದರ ಹಳೆಯ ಅತಿ ಕಡಿಮೆ ಬೆಲೆ ನೋಡಿ, ವಿಶ್‌ಲಿಸ್ಟ್‌ಗೆ ಹಾಕಿ. ಸ್ಟೀಮ್‌ನ ದೊಡ್ಡ ಸೇಲ್‌ಗಳು ಜೂನ್ ಕೊನೆ ಮತ್ತು ಡಿಸೆಂಬರ್ ಕೊನೆಗೆ ಬರುತ್ತವೆ.

ಲ್ಯಾಪ್‌ಟಾಪ್ ಇರುವವರಿಗೆ ಒಂದು ಮಾತು. ಹೆಸರು ಒಂದೇ ಇದ್ದರೂ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ ಡೆಸ್ಕ್‌ಟಾಪ್ ಕಾರ್ಡಿನಷ್ಟು ಓಡುವುದಿಲ್ಲ. ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪಿಗೆ ತಯಾರಕರು 35ರಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ನಿಗದಿ ಮಾಡಬಹುದು. ಯೂಟ್ಯೂಬಿನ ಡೆಸ್ಕ್‌ಟಾಪ್ ಪರೀಕ್ಷೆ ನೋಡಿ ನಂಬಿ ಕೊಳ್ಳಬೇಡಿ.

ಎರಡು ತಾಸನ್ನು ಹೇಗೆ ಬಳಸುವುದು

ಸ್ಟೀಮ್ ಮತ್ತು ಅದರಂಥದ್ದೇ ಅಂಗಡಿ ಎಪಿಕ್ ಎರಡರಲ್ಲೂ ಸಾಮಾನ್ಯ ನಿಯಮ ಒಂದೇ: ಕೊಂಡು 14 ದಿನದೊಳಗೆ, 2 ತಾಸಿಗಿಂತ ಕಡಿಮೆ ಆಡಿದ್ದರೆ ರೊಕ್ಕ ವಾಪಸ್. ಜಿಒಜಿ ಎಂಬ ಇನ್ನೊಂದು ಅಂಗಡಿಯಲ್ಲಿ 30 ದಿನ, ಆಡಿದ್ದರೂ ಕೇಳಬಹುದು. ಹೆಚ್ಚಿನವರು ಎಡವುವುದು ಗಡಿಯಾರದ ವಿಷಯದಲ್ಲಿ. ಗೇಮ್ ತೆರೆದ ಕ್ಷಣದಿಂದ ಲೆಕ್ಕ ಓಡುತ್ತದೆ. ಮೆನು, ಶೇಡರ್ ಕಂಪೈಲ್ (ನಿಮ್ಮ ಗ್ರಾಫಿಕ್ಸ್ ಚಿಪ್ಪಿಗೆ ತಕ್ಕಂತೆ ಗೇಮ್ ಸಜ್ಜಾಗುವುದು) ಆಗುವ ಇಪ್ಪತ್ತು ನಿಮಿಷ, ಕಂಪನಿಯ ಲಾಂಚರ್ ತೆರೆದು ಊಟಕ್ಕೆ ಎದ್ದ ಸಮಯ, ಎಲ್ಲವೂ ಅದರೊಳಗೇ.

ಆದ್ದರಿಂದ ಮೊದಲೇ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿಡಿ, ಬಿಡುವಿದ್ದಾಗ ಮಾತ್ರ ಗೇಮ್ ತೆರೆಯಿರಿ. ಕಥೆಯ ದೃಶ್ಯಗಳನ್ನು ದಾಟಿಸಿ. ಮೊದಲು ಮೀಡಿಯಮ್ ಸೆಟ್ಟಿಂಗ್, 1080ಪಿ, ಅಪ್‌ಸ್ಕೇಲಿಂಗ್ (ಸಣ್ಣ ಚಿತ್ರವನ್ನು ಹಿಗ್ಗಿಸಿ ತೋರಿಸುವುದು) ಬಂದ್. ಜನ, ವಾಹನ, ಹೊಗೆ ಇರುವ ಜಾಗದಲ್ಲಿ ಹದಿನೈದು ನಿಮಿಷ ಓಡಾಡಿ. ಒಮ್ಮೆ ಗೇಮ್ ಮುಚ್ಚಿ, ತೆರೆದು, ಸೇವ್ ಉಳಿದಿದೆಯೇ ನೋಡಿ. ಇಂಟರ್ನೆಟ್ ತೆಗೆದು ಇನ್ನೊಮ್ಮೆ ತೆರೆಯಿರಿ. ಒಬ್ಬರೇ ಆಡುವ ಗೇಮ್ ನೆಟ್ ಇಲ್ಲದೆ ಏಳದಿದ್ದರೆ, ಕರೆಂಟ್ ಹೋಗಿ ರೂಟರ್ ಆರಿದಾಗಲೂ ಅದು ಏಳುವುದಿಲ್ಲ.

ಈ ಪರೀಕ್ಷೆಯನ್ನು ಮಧ್ಯಾಹ್ನ ಮಾಡಿ. ವಿಜಯಪುರ, ಬಾಗಲಕೋಟೆಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ರಾತ್ರಿ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಕೊಟ್ಟ ಲ್ಯಾಪ್‌ಟಾಪ್ ಆಗ ಕಾದು ವೇಗ ತಗ್ಗಿಸಿಕೊಂಡು ಮುಗ್ಗರಿಸುತ್ತದೆ. ಅರ್ಧ ತಾಸಿನ ನಂತರ ಫ್ರೇಮ್ ಬಿದ್ದರೆ ಕಾರಣ ಬಹುತೇಕ ಶಾಖ, ಗೇಮ್ ಅಲ್ಲ: ಹಿಂಬದಿ ಎತ್ತರಿಸಿ, ಫ್ಯಾನಿನ ಧೂಳು ತೆಗೆಸಿ, ಫ್ರೇಮ್ ಮಿತಿ 60ಕ್ಕೆ ಇಡಿ. ಮೊದಲ ನಿಮಿಷದಿಂದಲೇ ಮುಗ್ಗರಿಸುತ್ತಿದ್ದರೆ, ಸೆಟ್ಟಿಂಗ್ ಇಳಿಸಿದರೂ ಹಾಗೇ ಇದ್ದರೆ, ತಪ್ಪು ಬಹುತೇಕ ಗೇಮಿನದು. ಒಂದೂವರೆ ತಾಸಿಗೆ ನಿಲ್ಲಿಸಿ, ಸ್ಟೀಮ್ ಸಪೋರ್ಟ್‌ನಲ್ಲಿ ಪರ್ಚೇಸಸ್ ತೆರೆದು ರಿಫಂಡ್ ಕೇಳಿ. ದೋಷ ಸರಿಪಡಿಸುವ ಪ್ಯಾಚ್ ಬರುತ್ತದೆಂದು ಕಾಯಬೇಡಿ. ಪ್ಯಾಚ್ ಬಂದಮೇಲೆ ಮತ್ತೆ ಕೊಳ್ಳಬಹುದು. ಪಾವತಿ ಮಾಡಿದ ದಾರಿಯಲ್ಲಿ ರೊಕ್ಕ ಮರಳಿಸಲಾಗದಿದ್ದರೆ ಅದು ಸ್ಟೀಮ್ ವಾಲೆಟ್‌ಗೆ ಬರುತ್ತದೆ.

ನೂರು ಜಿಬಿ ಇಳಿಸುವುದು

40 ಎಂಬಿಪಿಎಸ್ (ಸೆಕೆಂಡಿಗೆ 40 ಮೆಗಾಬಿಟ್) ಲೈನಿನಲ್ಲಿ ಸ್ಟೀಮ್ ತೋರಿಸುವುದು ಸೆಕೆಂಡಿಗೆ 5 ಎಂಬಿ. ಅದು ದೋಷವಲ್ಲ, 8 ಬಿಟ್‌ಗೆ ಒಂದು ಬೈಟ್. ಆ ಲೆಕ್ಕದಲ್ಲಿ 100 ಜಿಬಿಗೆ ಐದೂವರೆ ತಾಸು. ಇಂಡಿ ಕಡೆಯ ಹಳ್ಳಿಯಲ್ಲಿ ದಿನಕ್ಕೆ 2 ಜಿಬಿಯ ಮೊಬೈಲ್ ಡೇಟಾದಲ್ಲಿ 50 ದಿನ. ಗೇಮ್ ತಯಾರಿಸುವವರು ಈ ಲೆಕ್ಕ ಹಾಕುವುದೇ ಇಲ್ಲ, ನಾವೇ ಹಾಕಿಕೊಳ್ಳಬೇಕು.

ಸುಲಭದ ದಾರಿ ಗೆಳೆಯರ ಕಂಪ್ಯೂಟರ್. 2023ರಿಂದ ಸ್ಟೀಮ್‌ನಲ್ಲಿ ಒಂದೇ ನೆಟ್‌ವರ್ಕಿನ ಯಂತ್ರಗಳ ನಡುವೆ ಗೇಮ್ ಸಾಗಿಸಬಹುದು. ಎರಡೂ ಕಡೆ ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್‌ನಲ್ಲಿ ಈ ಆಯ್ಕೆಯನ್ನು ಫ್ರೆಂಡ್ಸ್‌ಗೆ ಇಡಿ. ಪಡೆಯುವವರು ಗೇಮ್ ಕೊಂಡಿರಬೇಕು, ಕೊಡುವವರ ಪ್ರತಿ ಹೊಸ ಅಪ್‌ಡೇಟ್‌ನಲ್ಲಿರಬೇಕು, ಸಾಗಿಸುವಾಗ ಕೊಡುವವರು ಗೇಮ್ ಆಡುತ್ತಿರಬಾರದು. ಗಿಗಾಬಿಟ್ ಪೋರ್ಟ್ ಮತ್ತು ಕ್ಯಾಟ್-5ಇ ಕೇಬಲ್ ಇದ್ದು ಎರಡೂ ಕಡೆ ಎಸ್‌ಎಸ್‌ಡಿ ಇದ್ದರೆ 100 ಜಿಬಿ ಕಾಲು ತಾಸಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಹಳೆಯ ರೂಟರಿನ 100 ಎಂಬಿಪಿಎಸ್ ಪೋರ್ಟ್ ಆದರೆ ಎರಡೂಕಾಲು ತಾಸು.

ಅಪ್‌ಡೇಟ್‌ಗಳಿಗೆ ರಾತ್ರಿಯ ಸಮಯ ಗೊತ್ತುಮಾಡಿ. ಹೆಸ್ಕಾಂ ಕರೆಂಟ್ ನಡುವೆ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ರೂಟರ್‌ಗೆ 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು. ಡೆಸ್ಕ್‌ಟಾಪ್‌ಗೆ 600 ವಿಎ ಯುಪಿಎಸ್ ಎಂದರೆ ಸುಮಾರು 360 ವ್ಯಾಟ್ ಮಾತ್ರ. ಗೇಮ್ ನಡೆಯುತ್ತಿರುವಾಗ ಅದು ಕೈಕೊಡಬಹುದು. ಅಪ್‌ಡೇಟ್ ಅರ್ಧಕ್ಕೆ ನಿಂತು ಗೇಮ್ ಏಳದಿದ್ದರೆ ಪೂರ್ತಿ ಅಳಿಸಬೇಡಿ. ಪ್ರಾಪರ್ಟೀಸ್‌ನ ಇನ್‌ಸ್ಟಾಲ್ಡ್ ಫೈಲ್ಸ್‌ನಲ್ಲಿ ವೆರಿಫೈ ಒತ್ತಿ, ಕೆಟ್ಟ ಫೈಲ್‌ಗಳಷ್ಟೇ ಮತ್ತೆ ಇಳಿಯುತ್ತವೆ.

ಮೊಬೈಲ್ ಮತ್ತು ಪೆಟ್ಟಿಗೆಗಳು

ಒಂದು ಸ್ಕಿನ್ನಿಗೆ (ಪಾತ್ರದ ಅಥವಾ ಆಯುಧದ ಹೊಸ ವೇಷ) ಗೇಮಿನೊಳಗಿನ 600 ನಾಣ್ಯ, ನಾಣ್ಯದ ಕಟ್ಟುಗಳು ಮಾತ್ರ 500 ಮತ್ತು 1,100ರವು ಎಂದುಕೊಳ್ಳಿ. ನಿಮ್ಮಿಂದ ದೊಡ್ಡ ಕಟ್ಟು ಕೊಳ್ಳಿಸಲೆಂದೇ ಲೆಕ್ಕ ಹೀಗೆ ಹೊಂದದಂತೆ ಇಟ್ಟಿರುತ್ತಾರೆ. ಬೆಲೆಯನ್ನು ಯಾವಾಗಲೂ ರೂಪಾಯಿಗೆ ತಿರುಗಿಸಿ ಕಾಗದದ ಮೇಲೆ ಬರೆಯಿರಿ. ಒಳಗೇನಿದೆ ಎಂದು ತಿಳಿಯದೆ ರೊಕ್ಕ ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಯಲ್ಲಿ ಬೇಕಾದದ್ದು ಸಿಗುವ ಸಾಧ್ಯತೆ 1% ಇದ್ದರೆ, ನೂರು ಪೆಟ್ಟಿಗೆ ತೆರೆದರೂ 37% ಜನರಿಗೆ ಅದು ಸಿಗುವುದಿಲ್ಲ. ಬೆಲ್ಜಿಯಂ 2018ರಲ್ಲೇ ಇಂಥದ್ದನ್ನು ಜೂಜು ಎಂದು ಹೇಳಿತು.

ಮಕ್ಕಳ ಕೈಗೆ ಹೋಗುವ ಫೋನಿನಲ್ಲಿ ಪ್ಲೇ ಸ್ಟೋರ್ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಡಿ, ಕಾರ್ಡ್ ಉಳಿಸಬೇಡಿ, ಯುಪಿಐ ಆ್ಯಪ್‌ನ ಆಟೊಪೇ ಪಟ್ಟಿ ತಿಂಗಳಿಗೊಮ್ಮೆ ನೋಡಿ. ತಪ್ಪಿ ಖರೀದಿ ಆದರೆ 48 ತಾಸಿನೊಳಗೆ ಗೂಗಲ್‌ಗೆ ಕೇಳಿ. ಆಮೇಲೆ ಗೇಮ್ ಕಂಪನಿಯನ್ನೇ ಕೇಳಬೇಕಾಗುತ್ತದೆ.

ಕೊಂಡದ್ದು ಉಳಿಯಬೇಕೆಂದರೆ

2014ರಲ್ಲಿ ಬಂದ ಯೂಬಿಸಾಫ್ಟ್‌ನ ದಿ ಕ್ರೂ ಸರ್ವರ್ 2024ರ ಮಾರ್ಚ್ 31ರಂದು ಬಂದ್ ಆಯಿತು. ರೊಕ್ಕ ಕೊಟ್ಟವರು ಒಬ್ಬರೇ ಕಾರು ಓಡಿಸಲೂ ಆಗಲಿಲ್ಲ. ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿ ಹುಟ್ಟಿದ್ದು ಈ ಅನ್ಯಾಯದಿಂದ. ನೀವು ಕೊಳ್ಳುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಟೀಮ್ ಈಗ ಪಾವತಿಯ ಜಾಗದಲ್ಲೇ ಬರೆಯುತ್ತದೆ. ಒಂದೇ ಗೇಮ್ ಎರಡೂ ಕಡೆ ಇದ್ದರೆ ಜಿಒಜಿಯಲ್ಲಿ ಕೊಳ್ಳಿ, ಆಫ್‌ಲೈನ್ ಇನ್‌ಸ್ಟಾಲರ್ ಇಳಿಸಿ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿಡಿ. ದೊಡ್ಡ ಗೇಮಿನಲ್ಲಿ ಇಎಕ್ಸ್‌ಇ ಜೊತೆ ಹಲವು ಬಿನ್ ಫೈಲ್‌ಗಳಿರುತ್ತವೆ. ಒಂದು ಬಿಟ್ಟರೂ ಇನ್‌ಸ್ಟಾಲ್ ಆಗದು.

ನಿಯಮದೊಳಗಿದ್ದೂ ರಿಫಂಡ್ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಆರ್ಡರ್ ಇಮೇಲ್, ಪಾವತಿಯ ರೆಫರೆನ್ಸ್ ನಂಬರ್, ಆಡಿದ ತಾಸು ತೋರಿಸುವ ಸ್ಕ್ರೀನ್‌ಶಾಟ್, ಕಂಪನಿಯ ನಿರಾಕರಣೆಯ ಉತ್ತರ: ಈ ನಾಲ್ಕನ್ನು ಗೇಮ್ ಅಳಿಸುವ ಮೊದಲೇ ಒಂದು ಫೋಲ್ಡರಿನಲ್ಲಿ ಹಾಕಿಡಿ.